ಅರವತ್ತು ದಾಟಿದ ಅಮ್ಮ ತಕ್ತ್ಸಾಂಗ್ ಹತ್ತಬಹುದೇ?

ಪ್ರಶ್ನೆ: ಅಕ್ಟೋಬರಿನಲ್ಲಿ ಮನೆಮಂದಿಯೆಲ್ಲ ಭೂತಾನಿಗೆ ಹೊರಟಿದ್ದೇವೆ. ಅಮ್ಮನಿಗೆ ಅರವತ್ತಮೂರು ವರ್ಷ. ದಿನವೂ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಆದರೆ ಮೆಟ್ಟಿಲು ಹತ್ತಿಳಿದರೆ ಮೊಣಕಾಲು ನೋವು ಎನ್ನುತ್ತಾರೆ. ಪಾರೊದ ಬಂಡೆಗೆ ಅಂಟಿಕೊಂಡಿರುವ ತಕ್ತ್ಸಾಂಗ್ ಮಠವನ್ನು ನೋಡಲೇಬೇಕೆಂಬುದು ಅವರ ಬಹುದಿನದ ಆಸೆ. ‘ಕುದುರೆ ಸಿಗುತ್ತದೆ, ಚಿಂತೆ ಬೇಡ’ ಎನ್ನುತ್ತಿದ್ದಾರೆ ಟ್ರಾವೆಲ್ಸ್‌ನವರು. ಅವರನ್ನು ಕರೆದುಕೊಂಡು ಹೋಗಬಹುದೇ?

ಉತ್ತರ: ಕರೆದುಕೊಂಡು ಹೋಗಿ. ಎಲ್ಲಿಯವರೆಗೆ ಎಂಬುದನ್ನು ಮಾತ್ರ ಬೆಂಗಳೂರಿನಲ್ಲಿ ಕುಳಿತು ತೀರ್ಮಾನಿಸಬೇಡಿ.

ಕುದುರೆಯ ಮಾತು ಅರ್ಧ ನಿಜ. ಹತ್ತುವಾಗ ಸರಿಸುಮಾರು ಅರ್ಧ ದಾರಿಗೆ ಕುದುರೆ ಇದೆ. ಅಲ್ಲಿಂದ ಮುಂದಕ್ಕೆ ಇಲ್ಲ. ಇಳಿಯುವಾಗಂತೂ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ಸವಾರ ಮುಂದಕ್ಕೆ ಮುಗ್ಗರಿಸುವ ಅಪಾಯವಿದೆ. ಶ್ರವಣಬೆಳಗೊಳದಲ್ಲಿ ಇರುವಂತೆ ಡೋಲಿಯವರು ಇಲ್ಲಿಲ್ಲ, ರೋಪ್‌ವೇ ಇಲ್ಲ. ಅಂದರೆ ನಿಮ್ಮ ತಾಯಿ ಎಷ್ಟು ದೂರ ಏರುತ್ತಾರೋ ಅಷ್ಟನ್ನೂ ತಮ್ಮ ಕಾಲಿನಲ್ಲೇ ಇಳಿಯಬೇಕು. ಮೊಣಕಾಲು ನೋವಿನವರಿಗೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಏರುವಾಗ ಸೋಲುವುದು ಉಸಿರು. ನಿಂತು ಸುಧಾರಿಸಿಕೊಂಡರೆ ಅದು ಮರಳಿ ಬರುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆದು ಹಿಡಿಯಬೇಕು, ಆ ಒತ್ತಡವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಎಷ್ಟು ಹೊತ್ತು ಕುಳಿತು ಎದ್ದರೂ ಅದು ಕಡಿಮೆಯಾಗುವುದಿಲ್ಲ. ಆದ್ದರಿಂದ ‘ಅಮ್ಮ ಹತ್ತಬಹುದೇ’ ಎನ್ನುವ ಬದಲು ‘ಅಮ್ಮ ಇಳಿಯಬಹುದೇ’ ಎಂದು ಕೇಳಿಕೊಳ್ಳಿ.

ದಾರಿ ಹೇಗಿದೆ ಎಂದು ಹೇಳುತ್ತೇನೆ. ಪಾರೊ ಪಟ್ಟಣದಿಂದ ಹತ್ತು ಕಿಲೋಮೀಟರಿನಷ್ಟು ದೂರದಲ್ಲಿ ಕಾರು ನಿಲ್ಲಿಸುವ ಜಾಗ. ಅದೇ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ನೀವು ಕಾರಿನಿಂದ ಕಾಲು ಕೆಳಗಿಡುವ ಹೊತ್ತಿಗೇ ಕರ್ನಾಟಕದ ನೆತ್ತಿಗಿಂತ ಆರುನೂರಕ್ಕೂ ಹೆಚ್ಚು ಮೀಟರ್ ಮೇಲಿರುತ್ತೀರಿ. ಅಲ್ಲಿಂದ ಪೈನ್ ಮತ್ತು ಓಕ್ ಕಾಡಿನ ನಡುವೆ ಅಗಲವಾದ ಮಣ್ಣಿನ ದಾರಿ ಸುತ್ತಿ ಸುತ್ತಿ ಏರುತ್ತದೆ. ಮೊದಮೊದಲು ತೊರೆಯ ನೀರಿನಿಂದ ತಿರುಗುವ ಪ್ರಾರ್ಥನಾಚಕ್ರಗಳು, ಆಮೇಲೆ ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಪ್ರಾರ್ಥನಾಪತಾಕೆಗಳು. ದಾರಿ ತಪ್ಪುವ ಭಯವಿಲ್ಲ. ಕೈಕಾಲು ಊರಿ ಹತ್ತಬೇಕಾದ ಜಾಗವೂ ಇಲ್ಲ. ಧೂಳಿದೆ, ಕುದುರೆಯ ಲದ್ದಿಯಿದೆ. 2,940 ಮೀಟರ್ ಎತ್ತರದಲ್ಲಿ ಕೆಫೆಟೇರಿಯಾ ಸಿಗುತ್ತದೆ. ಗಟ್ಟಿಮುಟ್ಟಾದವರಿಗೆ ಒಂದು ಗಂಟೆ, ನಿಧಾನಸ್ಥರಿಗೆ ಎರಡು ಗಂಟೆಯ ದಾರಿ. ಕುದುರೆ ಬರುವುದು ಇಲ್ಲಿಯವರೆಗೆ. ಇಲ್ಲಿ ಚಹಾ, ಊಟ, ಶೌಚಾಲಯ ಇವೆ. ಎದುರಿಗೆ, ಕಮರಿಯ ಆಚೆ, ಮಠ ಕಾಣುತ್ತದೆ.

ಕೆಫೆಟೇರಿಯಾದಿಂದ ಮುಂದಿನ ಏರು ಮೊದಲಿನದಕ್ಕಿಂತ ಕಿರಿದಾದ ದಾರಿ, ಅಲ್ಲಲ್ಲಿ ಮೆಟ್ಟಿಲು. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಮಠಕ್ಕೆ ನೇರ ಎದುರಾಗಿ ನಿಂತ ಅಂಚಿಗೆ ಬರುತ್ತೀರಿ. ಎಲ್ಲರ ಮೊಬೈಲಿನಲ್ಲೂ ಇರುವ ಆ ಫೋಟೊ ತೆಗೆಯುವುದು ಇಲ್ಲಿಂದಲೇ. ಎತ್ತರ 3,140 ಮೀಟರ್. ಮಠ ಇರುವುದು 3,120 ಮೀಟರಿನಲ್ಲಿ. ಕೈಚಾಚಿದರೆ ಸಿಗುವಷ್ಟು ಹತ್ತಿರ ಎನಿಸುತ್ತದೆ, ಬಂದೇಬಿಟ್ಟೆವು ಎಂದುಕೊಳ್ಳುತ್ತೀರಿ. ಆದರೆ ನಡುವೆ ಆಳದ ಕಮರಿ ಬಾಯ್ತೆರೆದಿದೆ. ಕಲ್ಲಿನ ಮೆಟ್ಟಿಲುಗಳಲ್ಲಿ ಜಲಪಾತದ ಬುಡದವರೆಗೆ ಇಳಿದು, ಸೇತುವೆ ದಾಟಿ, ಮತ್ತೆ ಮೆಟ್ಟಿಲು ಹತ್ತಬೇಕು. ಇಳಿದದ್ದು, ಹತ್ತಿದ್ದು ಸೇರಿ ಒಂದು ಬದಿಗೆ ಸುಮಾರು 700–800 ಮೆಟ್ಟಿಲು. ಮರಳುವಾಗ ಅಷ್ಟೂ ಮತ್ತೊಮ್ಮೆ. ಮಠ ನೋಡಿ ದಣಿದು ಬಂದ ಕಾಲಿಗೆ ಮೊದಲು ಇಳಿತ, ಆಮೇಲೆ ಏರು, ಅದರ ನಂತರ ಕಾರಿನವರೆಗೆ 500 ಮೀಟರಿನಷ್ಟು ಎತ್ತರದ ದೀರ್ಘ ಇಳಿತ. ಪ್ಯಾಕೇಜಿನ ಹಾಳೆಯಲ್ಲಿ ಇದನ್ನು ಯಾರೂ ಬರೆದಿರುವುದಿಲ್ಲ. ‘ಮಧ್ಯಮ ಪ್ರಮಾಣದ ಚಾರಣ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ.

ಒಟ್ಟು ಹೋಗಿ ಬರಲು ಆರೇಳು ಕಿಲೋಮೀಟರ್. ಐದು ಗಂಟೆ ಸಾಕು ಎನ್ನುತ್ತಾರೆ. ನಿಮ್ಮ ತಾಯಿಗೆ ಏಳು ಗಂಟೆ ಎಂದು ಲೆಕ್ಕ ಹಾಕಿ.

ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದು ಭಾನುವಾರ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಸಿ. ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿಯಬೇಡಿ, ಮೆಟ್ಟಿಲಿನಲ್ಲೇ ಇಳಿಸಿ. ನಮ್ಮಲ್ಲಿ ಹೆಚ್ಚಿನವರು ದೇವಿಯ ದರ್ಶನ ಮುಗಿಸಿ ಬಸ್ಸು ಹಿಡಿಯುವುದರಿಂದ ತಮ್ಮ ಮಂಡಿಯ ನಿಜಸ್ಥಿತಿ ಅವರಿಗೇ ಗೊತ್ತಿರುವುದಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಮಂಡಿ ಊದಿಕೊಂಡಿದೆಯೇ, ನೆಲದಿಂದ ಏಳಲು ಆಸರೆ ಬೇಕೇ ನೋಡಿ. ಬರೀ ಮೀನಖಂಡ ಹಿಡಿದುಕೊಂಡಿದ್ದರೆ ಅದು ಅಭ್ಯಾಸದ ಕೊರತೆ, ಅಭ್ಯಾಸದಿಂದಲೇ ಹೋಗುತ್ತದೆ. ಮಂಡಿಯೇ ಊದಿಕೊಂಡರೆ ಕೆಫೆಟೇರಿಯಾವನ್ನೇ ಗುರಿಯಾಗಿಟ್ಟುಕೊಳ್ಳಿ. ಸಮತಟ್ಟಾದ ಪಾರ್ಕಿನಲ್ಲಿ ಎಷ್ಟು ಸುತ್ತು ಹಾಕಿದರೂ ಇಳಿಯುವ ಸ್ನಾಯುಗಳಿಗೆ ಕೆಲಸ ಸಿಗುವುದಿಲ್ಲ, ಹಾಗಾಗಿ ಇಂದಿನಿಂದಲೇ ವಾಕಿಂಗ್ ಜೊತೆಗೆ ಮೆಟ್ಟಿಲಿನ ಅಭ್ಯಾಸ ಇರಲಿ. ಮೂಳೆ ವೈದ್ಯರನ್ನು ಒಮ್ಮೆ ಕಂಡು ತೊಡೆಯ ವ್ಯಾಯಾಮ ಕೇಳಿಕೊಳ್ಳಿ. ರಕ್ತದೊತ್ತಡ, ಹೃದಯದ ತೊಂದರೆ, ಆಸ್ತಮಾ ಇದ್ದರೆ ಎತ್ತರದ ವಿಷಯವನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಎತ್ತರ ಎಂದೆ. ಮೂರು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡಾ 70ರಷ್ಟು ಮಾತ್ರ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ. ಇದರಿಂದ ಆಗುವ ತೊಂದರೆಗೂ ವಯಸ್ಸಿಗೂ ನೇರ ಸಂಬಂಧವಿಲ್ಲ. ಇಪ್ಪತ್ತೈದರ ಹುಡುಗ ತಲೆನೋವೆಂದು ಕುಳಿತಾಗ ಅರವತ್ತರ ಅಜ್ಜಿ ಮುಂದೆ ನಡೆದುಹೋಗುವುದುಂಟು. ನಿಮ್ಮ ತಾಯಿಯ ದೇಹ ಯಾವ ಕಡೆಯದು ಎಂದು ತಿಳಿಯಲು ಭೂತಾನಿನಲ್ಲೇ ಒಳ್ಳೆಯ ಉಪಾಯವಿದೆ. ಥಿಂಫುವಿನಿಂದ ಪುನಾಖಾಕ್ಕೆ ಹೋಗುವ ದಾರಿಯಲ್ಲಿ ದೋಚುಲಾ ಕಣಿವೆದಾರಿ ಸಿಗುತ್ತದೆ, 108 ಚೋರ್ಟೆನ್‌ಗಳು, ಅಂದರೆ ಬೌದ್ಧ ಸ್ತೂಪಗಳು, ಇರುವ ಜಾಗ. ಎಲ್ಲ ಪ್ರವಾಸಿಗಳೂ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅದರ ಎತ್ತರ ಸುಮಾರು 3,100 ಮೀಟರ್, ಹೆಚ್ಚುಕಡಿಮೆ ತಕ್ತ್ಸಾಂಗ್‌ನಷ್ಟೇ. ಫೋಟೊ ತೆಗೆದು ಓಡಿಬರಬೇಡಿ. ಅಲ್ಲಿನ ಮೆಟ್ಟಿಲುಗಳನ್ನು ತಾಯಿಯವರೊಂದಿಗೆ ನಿಧಾನವಾಗಿ ಹತ್ತಿ ಇಳಿಯಿರಿ. ಮಾತನಾಡುತ್ತಾ ಹತ್ತಲು ಆಗುತ್ತದೆಯೇ, ತಲೆ ಸುತ್ತುತ್ತದೆಯೇ, ಆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಗಮನಿಸಿದರೆ ಅರ್ಧ ಉತ್ತರ ಸಿಕ್ಕಂತೆ.

ಇದಕ್ಕಾಗಿಯೇ ತಕ್ತ್ಸಾಂಗ್ ಪ್ರವಾಸದ ಕೊನೆಯಲ್ಲಿರಬೇಕು. ವಿಮಾನದಲ್ಲಿ ಹೋಗುವವರು ದೆಹಲಿ, ಕೋಲ್ಕತ್ತ ಅಥವಾ ಬಾಗ್ಡೋಗ್ರಾ ದಾಟಿ ಕೆಲವೇ ಗಂಟೆಗಳಲ್ಲಿ 2,235 ಮೀಟರ್ ಎತ್ತರದ ಪಾರೊದಲ್ಲಿ ಇಳಿಯುತ್ತಾರೆ. ಇಳಿದ ಮರುದಿನವೇ ಬೆಟ್ಟ ಹತ್ತಿಸುವ ಪ್ಯಾಕೇಜುಗಳಿವೆ. ಹೋಟೆಲ್ ಹೊಂದಿಸುವವರಿಗೆ ಅದು ಅನುಕೂಲ, ನಿಮ್ಮ ತಾಯಿಗೆ ಅಲ್ಲ. ಮೊದಲು ಥಿಂಫು, ಪುನಾಖಾ, ಆಮೇಲೆ ಪಾರೊ ಎಂದು ದಿನಗಳನ್ನು ಅದಲುಬದಲು ಮಾಡಿಸಿ. ಹಾಗೆಂದು ವಿಮಾನ ಹತ್ತುವ ದಿನವೇ ಬೆಟ್ಟವೂ ಬೇಡ. ನಡುವೆ ಒಂದು ರಾತ್ರಿ ಇರಲಿ.

ಹತ್ತುವ ದಿನ ಬೆಳಿಗ್ಗೆ ಏಳೂವರೆ, ಎಂಟರ ಒಳಗೆ ನಡಿಗೆ ಶುರುವಾಗಬೇಕು. ಬಿಸಿಲು ಒಂದು ಕಾರಣ. ಇನ್ನೊಂದು, ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗೆ ಮಠದ ಬಾಗಿಲು ಮುಚ್ಚುತ್ತದೆ. ಹನ್ನೆರಡೂವರೆಗೆ ಏದುಸಿರು ಬಿಡುತ್ತಾ ತಲುಪಿದವರಿಗೆ ಒಳಗೆ ಕಣ್ಣಾಡಿಸಲಷ್ಟೇ ಸಮಯ. ಟಿಕೆಟ್ ಕೊಡುವುದು ಕೆಳಗೆ, ಕಾರು ನಿಲ್ಲಿಸುವಲ್ಲಿ. ಮೇಲೆ ಹೋಗಿ ಕೊಳ್ಳೋಣ ಎಂದರೆ ಆಗುವುದಿಲ್ಲ. ಊರುಗೋಲುಗಳು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಮೊಣಕಾಲಿನವರಿಗೆ ಒಂದಲ್ಲ, ಎರಡು ಕೋಲು ಬೇಕು. ಮಂಡಿಗೆ ಹಾಕುವ ನೀ ಕ್ಯಾಪ್ ಇದ್ದರೆ ಇಳಿಯುವಾಗ ಹಾಕಿಕೊಳ್ಳಲಿ. ಅಕ್ಟೋಬರ್ ಒಳ್ಳೆಯ ತಿಂಗಳು. ಮಳೆ ಮುಗಿದು ಆಕಾಶ ತೊಳೆದಂತಿರುತ್ತದೆ. ಆದರೆ ಬೆಳಗಿನ ಚಳಿಗೆ ಹಾಕಿದ ಸ್ವೆಟರ್ ಅರ್ಧ ಗಂಟೆಯಲ್ಲೇ ಸೊಂಟಕ್ಕೆ ಬರುತ್ತದೆ, ಹಾಗಾಗಿ ಒಂದೇ ದಪ್ಪ ಉಡುಪಿನ ಬದಲು ತೆಳುವಾದ ಎರಡು ಮೂರು ಪದರ ಇರಲಿ. ಸೀರೆಯಲ್ಲಿ ಹತ್ತುವ ಹಠ ಬೇಡ ಎಂದು ತಾಯಿಯವರನ್ನು ಒಪ್ಪಿಸುವ ಹೊಣೆ ನಿಮ್ಮದು. ಮೆಟ್ಟಿಲು ಇಳಿಯುವಾಗ ತಾನು ಹೆಜ್ಜೆ ಇಡುವ ಜಾಗ ತನಗೆ ಕಾಣಬೇಕು.

ಕುದುರೆ ಹತ್ತಿಸುವುದೇ ಆದರೆ ಒಂದು ವಿಷಯ ಮೊದಲೇ ಹೇಳಿಡಿ. ಈ ಕುದುರೆಗಳು ದಾರಿಯ ಹೊರ ಅಂಚಿನಲ್ಲೇ ನಡೆಯುತ್ತವೆ. ಕಣಿವೆ ಕಾಲಿನ ಕೆಳಗೇ ಇದೆ ಎನಿಸುವುದರಿಂದ, ಎತ್ತರಕ್ಕೆ ಹೆದರುವವರು ಸವಾರಿಗಿಂತ ನಡಿಗೆಯೇ ಮೇಲು ಎಂದು ಅರ್ಧದಲ್ಲೇ ಇಳಿದುಬಿಡುತ್ತಾರೆ. ನಡೆದು ಹೋಗುವವರು ಕುದುರೆ ಎದುರಾದಾಗ ಬೆಟ್ಟದ ಬದಿಗೆ ಸರಿದು ನಿಲ್ಲಬೇಕು, ಕಣಿವೆಯ ಬದಿಗೆ ಎಂದೂ ನಿಲ್ಲಬಾರದು. ದಿನವಿಡೀ ಭಾರ ಹೊರುವ ಆ ಪ್ರಾಣಿಗಳ ಬಗ್ಗೆ ನನಗೆ ಮರುಕವಿದೆ. ನಡೆಯಲು ಆಗುವವರು ನಡೆಯಲಿ ಎನ್ನುತ್ತೇನೆ. ನಿಮ್ಮ ತಾಯಿಯಂಥವರು ಮೊದಲರ್ಧಕ್ಕೆ ಕುದುರೆ ಏರಿ, ಉಳಿಸಿಕೊಂಡ ಶಕ್ತಿಯನ್ನು ಮೆಟ್ಟಿಲಿಗೆ ಬಳಸಿದರೆ ತಪ್ಪಿಲ್ಲ.

ಮಠದ ಬಾಗಿಲಲ್ಲಿ ಚೀಲ, ಮೊಬೈಲು, ಕ್ಯಾಮೆರಾ ಎಲ್ಲವನ್ನೂ ಲಾಕರಿನಲ್ಲಿಟ್ಟು ಹೋಗಬೇಕು. ತೋಳು, ಕಾಲು ಮುಚ್ಚುವ ಉಡುಪು ಕಡ್ಡಾಯ. ಟೋಪಿ ತೆಗೆಯಬೇಕು. ಗುಡಿಗಳ ಒಳಗೆ ಚಪ್ಪಲಿ, ಬೂಟು ಇಲ್ಲ, ನೆಲ ಮಂಜುಗಡ್ಡೆಯಂತೆ ಕೊರೆಯುತ್ತದೆ, ದಪ್ಪ ಸಾಕ್ಸ್ ಇರಲಿ. ಒಳಗೂ ಒಂದು ಗುಡಿಯಿಂದ ಇನ್ನೊಂದಕ್ಕೆ ಕಡಿದಾದ ಮೆಟ್ಟಿಲುಗಳೇ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವ ಹೆಣ್ಣುಹುಲಿಯ ಬೆನ್ನೇರಿ ಹಾರಿಬಂದು ಇಲ್ಲಿನ ಗುಹೆಯಲ್ಲಿ ಧ್ಯಾನಕ್ಕೆ ಕುಳಿತ ಎಂಬುದು ಐತಿಹ್ಯ. ಆ ಗುಹೆಯನ್ನು ಒಳಗಿಟ್ಟುಕೊಂಡು 1692ರಲ್ಲಿ ಭೂತಾನಿನ ಆಗಿನ ಆಡಳಿತಗಾರ ತೆನ್ಜಿನ್ ರಬ್ಗ್ಯೆ ಮಠ ಕಟ್ಟಿಸಿದ. ಬೈಲಕುಪ್ಪೆಯ ನಾಮ್‌ದ್ರೋಲಿಂಗ್ ಮಠಕ್ಕೆ, ನಾವು ಗೋಲ್ಡನ್ ಟೆಂಪಲ್ ಎನ್ನುವ ಅಲ್ಲಿಗೆ, ನಿಮ್ಮ ತಾಯಿ ಹೋಗಿದ್ದರೆ ಈ ಗುರು ಅವರಿಗೆ ಅಪರಿಚಿತನಲ್ಲ. ಅಲ್ಲಿನ ಮೂರು ಬೃಹತ್ ಚಿನ್ನದ ಬಣ್ಣದ ಮೂರ್ತಿಗಳಲ್ಲಿ ಬುದ್ಧನ ಪಕ್ಕದಲ್ಲಿ ಮೀಸೆ ಬಿಟ್ಟು ಕುಳಿತಿರುವವನು ಪದ್ಮಸಂಭವನೇ. ಭೂತಾನಿನಿಂದ ಬಂದ ಭಿಕ್ಷುಗಳೂ ಅಲ್ಲಿ ಓದುತ್ತಾರೆ. ಹೊರಡುವ ಮೊದಲು ಕುಶಾಲನಗರದ ಕಡೆ ಒಮ್ಮೆ ಹೋಗಿಬಂದರೆ ತಕ್ತ್ಸಾಂಗ್‌ನ ಗೋಡೆಯ ಚಿತ್ರಗಳು ಬರೀ ಬಣ್ಣವಾಗಿ ಕಾಣುವುದಿಲ್ಲ.

ಈಗ ನೀವು ನೋಡುವ ಕಟ್ಟಡದ ಬಹುಪಾಲು ಹೊಸದು ಎಂಬುದನ್ನೂ ತಿಳಿದಿರಿ. 1998ರ ಏಪ್ರಿಲ್ 19ರಂದು ಬೆಂಕಿ ಬಿದ್ದು ಮಠದ ಮುಖ್ಯಭಾಗ ಸುಟ್ಟುಹೋಯಿತು. ಅಗ್ನಿಶಾಮಕ ವಾಹನ ಬಿಡಿ, ಕೈಗಾಡಿಯೂ ಏರಲಾರದ ಜಾಗ. ಹಳೆಯ ರೂಪದಲ್ಲೇ ಮತ್ತೆ ಕಟ್ಟಿ ಮುಗಿಸುವ ಹೊತ್ತಿಗೆ 2005 ಬಂದಿತ್ತು. ನಿಮ್ಮ ತಾಯಿಗೆ ಮೆಟ್ಟಿಲ ಬಳಿ ಕಾಲು ಸೋತಾಗ ಇದನ್ನು ಹೇಳಿ ಹುರಿದುಂಬಿಸಬೇಡಿ. ಸೋತ ಕಾಲಿಗೆ ಇತಿಹಾಸ ಬೇಡ, ಕೂರಲು ಕಲ್ಲು ಬೇಕು.

ಅವರು ಕೆಫೆಟೇರಿಯಾದಲ್ಲೇ ನಿಂತರೆ ಏನನ್ನು ಕಳೆದುಕೊಳ್ಳುತ್ತಾರೆ? ಗುಹೆಯ ಗುಡಿ, ದೀಪಗಳ ತುಪ್ಪದ ವಾಸನೆ, ಜಲಪಾತದ ತುಂತುರು. ಸಣ್ಣ ನಷ್ಟವೆಂದು ಹೇಳಲಾರೆ. ಆದರೆ ಬಂಡೆಯ ಮೇಲೆ ಮಠ ಕುಳಿತಿರುವ ಪರಿ ಅಲ್ಲಿಂದ ಚೆನ್ನಾಗಿಯೇ ಕಾಣುತ್ತದೆ. ಮಠದೊಳಗೆ ಹೋದವರಿಗೆ ಅದು ಕಾಣುವುದೇ ಇಲ್ಲ. ಜೊತೆಗೆ ಒಬ್ಬರು ಉಳಿಯಲಿ. ‘ನೀವೆಲ್ಲ ಹೋಗಿಬನ್ನಿ, ನಾನು ಇಲ್ಲೇ ಕೂತಿರುತ್ತೇನೆ’ ಎಂದು ಅಮ್ಮಂದಿರು ಹೇಳುತ್ತಾರೆ. ನಂಬಿ ಬಿಟ್ಟುಹೋದರೆ ಮೂರು ಗಂಟೆ ಅವರು ಚಳಿಯಲ್ಲಿ ನಿಮ್ಮ ದಾರಿ ಕಾಯುತ್ತಾರೆ. ಇನ್ನು ಬೆಟ್ಟದ ಗೊಡವೆಯೇ ಬೇಡ ಎಂದಾದರೆ ಪಾರೊ ಕಣಿವೆಯಲ್ಲೇ ಸಮತಟ್ಟು ಜಾಗದಲ್ಲಿ ಕ್ಯಿಚು ಲ್ಹಾಖಾಂಗ್ ಇದೆ. ಏಳನೆಯ ಶತಮಾನದ್ದೆಂದು ನಂಬಲಾದ ಗುಡಿ, ತಕ್ತ್ಸಾಂಗ್‌ಗಿಂತ ಸಾವಿರ ವರ್ಷ ಹಳೆಯದು. ಪ್ರಾರ್ಥನಾಚಕ್ರ ತಿರುಗಿಸುತ್ತಾ ಪ್ರದಕ್ಷಿಣೆ ಹಾಕುವ ಊರಿನ ಅಜ್ಜಿಯರ ಜೊತೆ ನಿಮ್ಮ ತಾಯಿಯೂ ನಡೆಯಬಹುದು. ನನ್ನ ಮಟ್ಟಿಗೆ ಅದು ಸಮಾಧಾನದ ಬಹುಮಾನವಲ್ಲ.

ಕೊನೆಯದಾಗಿ ಕಾಗದಪತ್ರ. ಭಾರತೀಯರಿಗೆ ವೀಸಾ ಬೇಡ, ಆದರೆ ಪ್ರವೇಶ ಪರವಾನಗಿಗೆ ಆಧಾರ್ ನಡೆಯುವುದಿಲ್ಲ; ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. 2022ರ ಸೆಪ್ಟೆಂಬರಿನಿಂದ ಭಾರತೀಯ ಪ್ರವಾಸಿಗಳಿಗೆ ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕವಿದೆ, ಪ್ಯಾಕೇಜಿನ ದರದಲ್ಲಿ ಅದು ಸೇರಿದೆಯೇ ಎಂದು ಕೇಳಿ. ಅಮೆರಿಕದಿಂದ ಅಣ್ಣನೋ ತಂಗಿಯೋ ಬಂದು ಸೇರಿಕೊಳ್ಳುವುದಿದ್ದು, ಅವರ ಕೈಯಲ್ಲಿರುವುದು ಅಲ್ಲಿನ ಪಾಸ್‌ಪೋರ್ಟ್ ಆಗಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅವರು ವಿದೇಶಿಯರೇ. ವೀಸಾ ಬೇಕು, ರಾತ್ರಿಗೆ ನೂರು ಡಾಲರ್. ತಾಯಿಯವರ ಮತದಾರರ ಚೀಟಿಯಲ್ಲಿರುವ ಹೆಸರೂ ವಿಮಾನದ ಟಿಕೆಟ್ಟಿನ ಹೆಸರೂ ಒಂದೇ ಆಗಿವೆಯೇ ಎಂದು ಈ ವಾರವೇ ನೋಡಿಬಿಡಿ. ತಿದ್ದುಪಡಿಗೆ ಮಂಡಿ ಪಳಗಿಸುವುದಕ್ಕಿಂತ ಹೆಚ್ಚು ದಿನ ಹಿಡಿದೀತು.