ಕಸಬರಿಗೆ ಯಾರ ಕೈಯಲ್ಲಿ? ಪ್ರಾಥಮಿಕ ಶಾಲೆಯಲ್ಲಿ ಲಿಂಗ ಸಮಾನತೆ: ಅಧ್ಯಯನ ಟಿಪ್ಪಣಿ

ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ ಡಿಪ್ಲೊಮಾ) ಇರಲಿ, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇರಲಿ, ಲಿಂಗ ಸಮಾನತೆಯ ಅಧ್ಯಾಯ ಬಂದರೆ ನಾವೆಲ್ಲ ಸಂವಿಧಾನದ 14, 15ನೇ ವಿಧಿ (ಕಾನೂನಿನ ಮುಂದೆ ಸಮಾನತೆ, ತಾರತಮ್ಯ ನಿಷೇಧ) ಬರೆದು ಮುಂದಕ್ಕೆ ಓಡುತ್ತೇವೆ. ಬರೆಯಲೇಬೇಕು. 15(3) ಬಿಡಬೇಡಿ, ಮಹಿಳೆಯರು ಮತ್ತು ಮಕ್ಕಳಿಗೆ ವಿಶೇಷ ಅನುಕೂಲ ಕಲ್ಪಿಸಲು ಸರ್ಕಾರಕ್ಕೆ ದಾರಿ ಬಿಡುವುದು ಅದೇ. ಆದರೆ ತಾರತಮ್ಯ ಕಣ್ಣಿಗೆ ಬೀಳುವುದು ಬೋಧನಾಭ್ಯಾಸಕ್ಕೆ ಶಾಲೆಗೆ ಹೋದಾಗ.

"ಹುಡುಗ್ಯಾರು ಕಸಾ ಹೊಡೀರಿ, ಹುಡುಗೂರು ಬೆಂಚ್ ಎತ್ರಿ." ಧಾರವಾಡದ ಕಡೆ ಅಕ್ಕೋರು ಹೀಗಂದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಪಠ್ಯದಲ್ಲಿ ಇಲ್ಲದಿದ್ದರೂ ಮಕ್ಕಳು ಕಲಿತುಬಿಡುವ ಇದಕ್ಕೇ ಗುಪ್ತ ಪಠ್ಯಕ್ರಮ ಅನ್ನುವುದು. ಭಾಷಣ ಬೇಡ, ಹಾಜರಿ ಸಂಖ್ಯೆಯ ಪ್ರಕಾರ ಪಾಳಿ ಹಚ್ಚಿದರೆ ಸಾಕು: ಈ ವಾರ 1ರಿಂದ 6 ಕಸಕ್ಕೆ, 7ರಿಂದ 12 ನೀರಿಗೆ. ಹಾಜರಿಯಲ್ಲಿ ಗಂಡುಮಕ್ಕಳ ಹೆಸರೆಲ್ಲ ಮೊದಲಿದ್ದರೆ ಪಾಳಿಯೂ ಹಾಗೇ ಒಡೆಯುತ್ತದೆ. ಅದಕ್ಕೆ ಮೊದಲು ಹೆಸರುಗಳನ್ನು ಅಕ್ಷರಕ್ರಮಕ್ಕೆ ತನ್ನಿ.

ಪಾಠ ವೀಕ್ಷಣೆಗೆ ಕೂತಾಗ ಹಾಳೆಯಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಎಂದು ಎರಡು ಅಂಕಣ ಗೀಚಿ. ಗಣಿತದ ಅವಧಿಯಲ್ಲಿ ಪ್ರಶ್ನೆ ಯಾರಿಗೆ ಹೋಯಿತು, ಉತ್ತರಕ್ಕೆ ಎಷ್ಟು ಹೊತ್ತು ಕಾದರು, ಹೊಗಳಿದ್ದು ಯಾವುದಕ್ಕೆ? ಹುಡುಗನಿಗೆ "ಶಾಣ್ಯಾ ಇದ್ದಿ", ಹುಡುಗಿಗೆ "ಅಕ್ಷರ ಛಂದ ಅದಾವ" ಎಂದರೆ ಇಬ್ಬರಿಗೂ ಸಿಕ್ಕದ್ದು ಒಂದೇ ಶಹಬ್ಬಾಸ್ ಅಲ್ಲ. ರಂಗೋಲಿ ಹಾಕುವ ಹುಡುಗನನ್ನು ಕಂಡು ನಕ್ಕರೆ ಅದೂ ಇದೇ ಲೆಕ್ಕಕ್ಕೆ.

ಹಾವೇರಿ ಜಿಲ್ಲೆಯವರು ಗೈರುಹಾಜರಿಯನ್ನು ತಿಂಗಳುವಾರು ನೋಡಿ. ಬ್ಯಾಡಗಿ ಮೆಣಸಿನಕಾಯಿ ಸುಗ್ಗಿಯಲ್ಲಿ ತಾಯಿ ತೊಟ್ಟು ಬಿಡಿಸಲು ಹೋದರೆ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುವವಳು ಹೆಚ್ಚಾಗಿ ದೊಡ್ಡ ಮಗಳೇ. ಅವಳಿಗೆ "ಹೆಣ್ಣು ಕಲಿತರೆ ಶಾಲೆಯೊಂದು ತೆರೆದಂತೆ" ಎಂಬ ಗೋಡೆಬರಹದಿಂದ ಏನೂ ಆಗದು. ಕೂಸಿಗೆ ಅಂಗನವಾಡಿ ಯಾವ ಹೊತ್ತಿನವರೆಗೆ ತೆರೆದಿರುತ್ತದೆ ಅನ್ನುವುದೇ ಪ್ರಶ್ನೆ.

ಒಳಗೊಳ್ಳುವಿಕೆ ಎಂದರೆ ಹೆಣ್ಣು-ಗಂಡಿಗಷ್ಟೇ ನಿಲ್ಲದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಗುರುತಿಸುತ್ತದೆ (ಹಿಂದಿನ 1995ರ ಕಾಯ್ದೆಯಲ್ಲಿ 7). ಊರುಗೋಲಿನ ಹುಡುಗಿಗೆ ರ‍್ಯಾಂಪ್ ಇದ್ದೂ ಶೌಚಾಲಯದ ಬಾಗಿಲು ಇಕ್ಕಟ್ಟಾದರೆ ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ.

ಕೊನೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಪರೀಕ್ಷೆಗೆ ಇಷ್ಟು ಸಾಕು. ಶಾಲೆಗೆ ಸಾಲದು: ಹೆಂಡತಿ ಸದಸ್ಯೆ, ಸಭೆಗೆ ಬರುವವನು ಗಂಡ. ಸಭೆಯನ್ನು ಹೊಲದ ಕೆಲಸ ಮುಗಿದ ಮೇಲೆ ಇಟ್ಟು, "ನೀವು ಹೇಳ್ರಿ ಯಕ್ಕಾ" ಎಂದು ಅವರನ್ನೇ ಕೇಳಿ. ಶೌಚಾಲಯದ ಚಿಲಕ ಮುರಿದ ಸಂಗತಿ ಆಗ ಹೊರಬರುತ್ತದೆ.