ಗಿಟಾರಿನಲ್ಲಿ ಒಂದೇ ಕಾರ್ಡ್ ಬಾರಿಸಿದ ಬೋ ಡಿಡ್ಲಿಗೆ ಯಾಕಿಷ್ಟು ಮರ್ಯಾದೆ?

ಓದುಗರ ಪ್ರಶ್ನೆ: ರಾಕ್ ಸಂಗೀತದ ಇತಿಹಾಸ ಓದಿದಾಗೆಲ್ಲ ಅಮೆರಿಕದ ಬೋ ಡಿಡ್ಲಿ ಹೆಸರು ಬರುತ್ತದೆ. ಹಾಡು ಹಾಕಿ ಕೇಳಿದರೆ ಹೆಚ್ಚುಕಮ್ಮಿ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು), ಹೇಳಿಕೊಳ್ಳುವಂಥ ಸೋಲೋ, ಅಂದರೆ ಒಂಟಿ ವಾದನ ಕೂಡ ಇಲ್ಲ. ಇವರು ನಿಜವಾಗಲೂ ಅಷ್ಟು ದೊಡ್ಡ ಗಿಟಾರಿಸ್ಟಾ?

ಹೌದು. ಆದರೆ ನೀವು ಸ್ವರ ಹಿಡಿಯುವ ಅವರ ಎಡಗೈಯನ್ನು ಕೇಳುತ್ತಿದ್ದೀರಿ. ತಂತಿ ಬಾರಿಸುವ ಬಲಗೈ ಕೇಳಿ.

1955ರಲ್ಲಿ ಶಿಕಾಗೋದ ಚೆಕರ್ ಕಂಪನಿ ಅವರ ಮೊದಲ ರೆಕಾರ್ಡ್ ತಂದಿತು. ಹಾಡಿನ ಹೆಸರೂ 'ಬೋ ಡಿಡ್ಲಿ'ಯೇ, ಸಂಕೋಚದ ಮನುಷ್ಯ ಅಲ್ಲವೇ ಅಲ್ಲ! ಆ ಕಾಲದ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಗಿಟಾರ್ ಸಾಮಾನ್ಯವಾಗಿ ಹಾಡುಗಾರನ ಸಾಲಿಗೆ ಸ್ವರದಲ್ಲಿ ಉತ್ತರ ಕೊಡುತ್ತಿತ್ತು. ಇವರು ಗಿಟಾರನ್ನೇ ಡ್ರಮ್ ಮಾಡಿಕೊಂಡರು. ಸದ್ದನ್ನು ಏರಿಳಿಸಿ ನಡುಗಿಸುವ ಟ್ರೆಮೊಲೊ ಹಾಕಿ, ತಂತಿಗಳನ್ನು ಉಜ್ಜಿ ಬಡಿದರು. ಪಕ್ಕದಲ್ಲಿ ಜೆರೋಮ್ ಗ್ರೀನ್ ಗಿಲಕಿಯಂಥ ಮರಾಕಾಸ್ ಅಲ್ಲಾಡಿಸುತ್ತಿದ್ದರು.

ಆ ಲಯ ಹಿಡಿಯೋದು ನಮಗೆ ಸುಲಭ. ಹದಿನಾರು ಎಣಿಕೆಯನ್ನು 'ತಕಿಟ ತಕಿಟ ತಕಧಿಮಿ ತಕ ತಕಧಿಮಿ' ಅಂತ ಹೇಳಿಕೊಳ್ಳಿ. ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಮೇಜಿನ ಮೇಲೆ ಒಂದು ಪೆಟ್ಟು ಹಾಕಿ. ಐದು ಪೆಟ್ಟು, ಅಷ್ಟೇ. ಜಗತ್ತು ಇದನ್ನು 'ಬೋ ಡಿಡ್ಲಿ ಬೀಟ್' ಎನ್ನುತ್ತದೆ.

ಲಯ ಅವರು ಕಂಡುಹಿಡಿದದ್ದಲ್ಲ. ಕ್ಯೂಬಾದ ಸಂಗೀತದಲ್ಲಿ ಇದು ಮೊದಲೇ ಇತ್ತು. ಅಮೆರಿಕದ ಕಪ್ಪು ಜನರ ನಡುವೆ ತೊಡೆ, ಎದೆ ತಟ್ಟಿ ತಾಳ ಹಾಕುವ 'ಹ್ಯಾಮ್‌ಬೋನ್' ಆಟವೂ ಇತ್ತು. 1740ರಲ್ಲಿ ದಕ್ಷಿಣ ಕೆರೊಲಿನಾದ ಕಾನೂನು ಗುಲಾಮರ ಕೈಯಿಂದ ಡೋಲು ಕಿತ್ತುಕೊಂಡಿತ್ತು. ಮೈಯನ್ನೇ ವಾದ್ಯ ಮಾಡಿಕೊಂಡವರ ಆ ತಾಳವನ್ನು ಮಿಸಿಸಿಪ್ಪಿಯಲ್ಲಿ ಹುಟ್ಟಿ, ಶಿಕಾಗೋದಲ್ಲಿ ಪಿಟೀಲು ಕಲಿತ ಹುಡುಗ ಬೋ ಡಿಡ್ಲಿ ಎಲೆಕ್ಟ್ರಿಕ್ ಗಿಟಾರಿಗೆ ತಂದ. ನನ್ನ ಪ್ರಕಾರ ಯಾವ ಸೋಲೋಗಿಂತಲೂ ಇದು ಜಾಸ್ತಿ ದೊಡ್ಡ ಕೆಲಸ.

ಆಮೇಲೆ ಎಲ್ಲರೂ ಕೈ ಹಾಕಿದರು. 1957ರಲ್ಲಿ ಅಮೆರಿಕದ ಗಾಯಕ ಬಡ್ಡಿ ಹಾಲಿ ಈ ಬೀಟ್ ಮೇಲೆ 'ನಾಟ್ ಫೇಡ್ ಅವೇ' ಕಟ್ಟಿದರು. ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಕಥೆ ತಮಾಷೆಯಾಗಿದೆ. 1963ರಲ್ಲಿ ಬ್ರಿಟನ್ ಪ್ರವಾಸದಲ್ಲಿ ಅವರು ಬೋ ಡಿಡ್ಲಿ ಜೊತೆ ಒಂದೇ ವೇದಿಕೆ ಹಂಚಿಕೊಂಡರು. ಗುರುವಿನ ಎದುರು ಗುರುವಿನ ಹಾಡು ಬೇಡ ಅಂತ ಅವನ್ನೆಲ್ಲ ಕೈಬಿಟ್ಟರು. ಮರುವರ್ಷವೇ 'ನಾಟ್ ಫೇಡ್ ಅವೇ' ಹಾಡಿ, ಅದೇ ಬೀಟ್ ಹಿಡಿದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿದರು! 1987ರ ಜಾರ್ಜ್ ಮೈಕಲ್ ಹಾಡು 'ಫೇಯ್ತ್', 1988ರ ಯು2 ಹಾಡು 'ಡಿಸೈರ್' ಕೂಡ ಇದೇ ದಾರಿಯವು.

ಹಾಗಾದರೆ ಬೋ ಡಿಡ್ಲಿಗೆ ದುಡ್ಡು ಬಂತಾ? ಇಲ್ಲ. ಹಕ್ಕು ಸಿಗೋದು ರಾಗಕ್ಕೆ, ಸಾಹಿತ್ಯಕ್ಕೆ. ಇಂಥ ತಾಳದ ನಡೆಗೆ ಯಾರೂ ಮಾಲೀಕರಲ್ಲ. ಬಾಗಿಲು ತೆರೆದದ್ದು ನಾನು, ಬೇರೆಯವರು ಒಳಗೆ ನುಗ್ಗಿದರು, ನನ್ನ ಕೈಯಲ್ಲಿ ಹಿಡಿಕೆ ಉಳಿಯಿತು ಎಂಬರ್ಥದ ಮಾತನ್ನು ಅವರೇ ಹೇಳಿದ್ದರು. 2008ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷದವರೆಗೂ ಊರೂರು ಸುತ್ತಿ ಬಾರಿಸುತ್ತಲೇ ಇದ್ದರು.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. 1950ರ ದಶಕದಲ್ಲೇ ಅವರ ತಂಡದಲ್ಲಿ ಪೆಗ್ಗಿ ಜೋನ್ಸ್ ಎಂಬ ಮಹಿಳೆ ಗಿಟಾರ್ ನುಡಿಸುತ್ತಿದ್ದರು. ಆ ಕಾಲಕ್ಕೆ ಅದು ಅಪರೂಪ.

ಮತ್ತೆ ಕೇಳುವುದಾದರೆ 1957ರ 'ಮೋನಾ'ದಿಂದ ಶುರು ಮಾಡಿ. ಫೋನ್ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಸಣ್ಣ ಸ್ಪೀಕರಿನಲ್ಲಿ ಆ ನಡುಗುವ ಸದ್ದು ಅರ್ಧಕ್ಕರ್ಧ ಮಾಯವಾಗುತ್ತದೆ.