ಅಕ್ಷರಕ್ಕಿಂತ ಮೊದಲು ಕಲಿಯುವುದು

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಬಹಳಷ್ಟು ಊರುಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಅಡಿಕೆ ತೋಟದ ತಲೆಯಲ್ಲೊಂದು, ಗುಡ್ಡದ ಆಚೆಗೊಂದು ಎಂಬಂತೆ ಚದುರಿಕೊಂಡಿರುವ ಈ ಒಂಟಿಮನೆಗಳಲ್ಲಿ ಬೆಳೆಯುವ ಮೂರು ವರ್ಷದ ಮಗುವಿಗೆ ಅಜ್ಜಿ ಇರುತ್ತಾರೆ, ದನಕರುಗಳಿರುತ್ತವೆ, ದೊಡ್ಡ ಅಂಗಳವಿರುತ್ತದೆ; ತನ್ನ ವಯಸ್ಸಿನ ಇನ್ನೊಂದು ಮಗು ಮಾತ್ರ ಎಷ್ಟೋ ಸಲ ಇರುವುದಿಲ್ಲ. ಅಂಗನವಾಡಿಯಾಗಲಿ ಶಿಶುವಿಹಾರವಾಗಲಿ ಅಂಥ ಮಗುವಿಗೆ ಎಲ್ಲಕ್ಕಿಂತ ಮೊದಲು ಕೊಡುವುದು ಈ ಜೊತೆಯನ್ನು. ಆದರೆ ಮನೆಗೆ ಮರಳಿದ ಮಗುವನ್ನು ನಾವು ಕೇಳುವುದು ‘ಇವತ್ತು ಏನು ಬರೆದೆ?’ ಎಂದೇ. ಎಳೆಯ ಮಕ್ಕಳ ಮಿದುಳಿನ ಬಗ್ಗೆ ಕಳೆದ ಕೆಲವು ದಶಕಗಳಲ್ಲಿ ತಿಳಿದುಬಂದಿರುವುದನ್ನು ಓದಿದವರು ಈ ಪ್ರಶ್ನೆಯನ್ನು ಬದಲಿಸಿಕೊಳ್ಳಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹುಟ್ಟಿದಾಗ ಮಗುವಿನ ಮಿದುಳಿನ ತೂಕ ದೊಡ್ಡವರ ಮಿದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಆರು ವರ್ಷ ತುಂಬುವ ಹೊತ್ತಿಗೆ ಅದು ಸುಮಾರು ಶೇ. 90ರಷ್ಟು ಬೆಳೆದಿರುತ್ತದೆ. ತೂಕಕ್ಕಿಂತ ಮುಖ್ಯವಾದದ್ದು ನರಕೋಶಗಳ ನಡುವಿನ ಬೆಸುಗೆಗಳು. ಅಮೆರಿಕದ ನರವಿಜ್ಞಾನಿ ಪೀಟರ್ ಹಟನ್‌ಲೋಕರ್ 1979ರಲ್ಲಿ ಪ್ರಕಟಿಸಿದ ಅಧ್ಯಯನವು, ಎಳೆಯ ವಯಸ್ಸಿನ ಮಿದುಳಿನಲ್ಲಿ ಈ ಬೆಸುಗೆಗಳು ದೊಡ್ಡವರಲ್ಲಿರುವುದಕ್ಕಿಂತಲೂ ದಟ್ಟವಾಗಿರುತ್ತವೆ ಎಂದು ತೋರಿಸಿತು. ಮಳೆಗಾಲಕ್ಕೆ ಮುನ್ನ ಕಾಫಿ ತೋಟದಲ್ಲಿ ಮರಗಸಿ ಮಾಡಿ ಹೆಚ್ಚಿನ ರೆಂಬೆಗಳನ್ನು ಸವರುವ ಹಾಗೆ, ಮಿದುಳು ಮೊದಲು ಬೇಕಾದ್ದಕ್ಕಿಂತ ಹೆಚ್ಚು ಬೆಸುಗೆಗಳನ್ನು ಬೆಳೆಸಿಕೊಂಡು, ಆಮೇಲೆ ಬಳಕೆಯಾಗದವನ್ನು ಕಳಚಿಕೊಳ್ಳುತ್ತದೆ. ಯಾವುದು ಉಳಿಯಬೇಕು ಎಂಬುದನ್ನು ಬಹುಮಟ್ಟಿಗೆ ಮಗುವಿನ ದಿನನಿತ್ಯದ ಅನುಭವವೇ ತೀರ್ಮಾನಿಸುತ್ತದೆ.

ಇದಕ್ಕೆ ಕನ್ನಡಿಗರಿಗೆ ಬೇಗ ಅರ್ಥವಾಗುವ ಸಾಕ್ಷಿಯೊಂದಿದೆ. ‘ತ’ ಮತ್ತು ‘ಟ’ ಬೇರೆ ಬೇರೆ ಎಂಬುದು ನಮಗೆ ಸಹಜವಾಗಿ ಕೇಳಿಸುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದವರಿಗೆ ಆ ಭೇದ ಹಿಡಿಯುವುದು ಬಹಳ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಸಂಶೋಧಕರು ಕೆನಡಾದಲ್ಲಿ ಹಿಂದಿಯ ಇದೇ ಎರಡು ಧ್ವನಿಗಳನ್ನು ಇಂಗ್ಲಿಷ್ ಮನೆಗಳ ಹಸುಳೆಗಳಿಗೆ ಕೇಳಿಸಿದರು. 6ರಿಂದ 8 ತಿಂಗಳ ಹಸುಳೆಗಳಲ್ಲಿ ಹೆಚ್ಚಿನವು ಅವನ್ನು ಬೇರೆ ಬೇರೆಯಾಗಿ ಗುರುತಿಸಿದವು. 10ರಿಂದ 12 ತಿಂಗಳ ಹಸುಳೆಗಳಲ್ಲಿ ಆ ಸಾಮರ್ಥ್ಯ ಬಹುಪಾಲು ಮಾಯವಾಗಿತ್ತು. 1984ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಹಿಂದಿ ಕೇಳುತ್ತ ಬೆಳೆಯುತ್ತಿದ್ದ ಅದೇ ವಯಸ್ಸಿನ ಮಕ್ಕಳು ಭೇದವನ್ನು ಸುಲಭವಾಗಿ ಗುರುತಿಸಿದ್ದರು. ಕೇಳದ ಧ್ವನಿಯನ್ನು ಮಿದುಳು ಒಂದು ವರ್ಷದೊಳಗೇ ಬಿಟ್ಟುಕೊಡತೊಡಗುತ್ತದೆ.

ಹಾಗಾದರೆ ಟಿವಿ ಅಥವಾ ಮೊಬೈಲಿನಲ್ಲಿ ಕೇಳಿಸಿದರೆ ಸಾಕಲ್ಲವೇ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಪ್ಯಾಟ್ರಿಶಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಹಸುಳೆಗಳಿಗೆ 12 ಸರದಿಗಳಲ್ಲಿ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಎದುರು ಕುಳಿತ ವ್ಯಕ್ತಿಯೊಬ್ಬರು ಪುಸ್ತಕ, ಆಟಿಕೆ ಹಿಡಿದು ಮಾತಾಡಿಸಿದ ಗುಂಪಿನ ಹಸುಳೆಗಳು ಆ ಭಾಷೆಯ ಧ್ವನಿಗಳನ್ನು ಕಲಿತವು. ಅದೇ ಮಾತುಗಳನ್ನು ಪರದೆಯ ಮೇಲೆ ನೋಡಿದ ಗುಂಪು ಏನನ್ನೂ ಕಲಿಯಲಿಲ್ಲ. ಮಗುವಿನ ಕಣ್ಣನ್ನು ನೋಡಿ ಮಾತಾಡುವ, ಅದು ತೊದಲಿದ್ದಕ್ಕೆ ತಿರುಗಿ ಉತ್ತರಿಸುವ ಮನುಷ್ಯರಿದ್ದಾಗ ಆ ವಯಸ್ಸಿನಲ್ಲಿ ಭಾಷೆ ಒಳಗಿಳಿಯುತ್ತದೆ. ಅಂಗನವಾಡಿ ಟೀಚರ್ ಕಥೆ ಹೇಳುತ್ತ ನಡುವೆ ನಿಲ್ಲಿಸಿ ‘ಆಮೇಲೆ ನರಿ ಎಲ್ಲಿಗೆ ಹೋಯ್ತು?’ ಎಂದು ಕೇಳುವುದು, ಮನೆಯಲ್ಲಿ ಉರ್ದು, ಕೊಂಕಣಿ ಅಥವಾ ಲಂಬಾಣಿ ಆಡುವ ಮಗು ತನ್ನ ಮಾತಿನಲ್ಲೇ ಉತ್ತರಿಸಿದಾಗ ಅದನ್ನು ಒಪ್ಪಿಕೊಂಡು ಮುಂದುವರಿಸುವುದು, ಇವೆಲ್ಲ ಈ ದೃಷ್ಟಿಯಿಂದ ಗಟ್ಟಿಯಾದ ಪಾಠಗಳೇ.

ಪ್ರಾಸದ ಹಾಡುಗಳೂ ಹಾಗೆಯೇ. ಪ್ರಾಸವನ್ನು ಚೆನ್ನಾಗಿ ಗುರುತಿಸುವ ಎಳೆಯ ಮಕ್ಕಳು ಮುಂದೆ ಓದುವುದರಲ್ಲೂ ಮುಂದಿರುತ್ತಾರೆ ಎಂಬುದನ್ನು ಬ್ರಿಟನ್ನಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ 1983ರಲ್ಲಿ ತೋರಿಸಿದರು. ‘ಕ-ಮ-ಲ’ ಎಂದು ಬಿಡಿಸಿ ಚಪ್ಪಾಳೆ ತಟ್ಟುವ ಮಗು, ಮಾತು ತುಂಡುಗಳಿಂದ ಆಗಿದೆ ಎಂಬುದನ್ನು ಬರಹದ ಹಂಗಿಲ್ಲದೆ ಅರಿಯುತ್ತಿದೆ. ಕನ್ನಡದಲ್ಲಿ ಈ ತಯಾರಿಯ ಬೆಲೆ ಇನ್ನೂ ಹೆಚ್ಚು, ಏಕೆಂದರೆ ವರ್ಣಮಾಲೆ ಮುಗಿದ ಮೇಲೆ ಕಾಗುಣಿತದ ನೂರಾರು ರೂಪಗಳೂ ಒತ್ತಕ್ಷರಗಳೂ ಇವೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು, ಈ ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ ಎಂಬುದನ್ನು ಕಂಡುಕೊಂಡಿದ್ದಾರೆ. ಅಷ್ಟು ದೀರ್ಘವಾದ ಕೆಲಸವನ್ನು ಮೂರನೆಯ ವಯಸ್ಸಿನಲ್ಲಿ ಒತ್ತಾಯದಿಂದ ಶುರುಮಾಡುವುದರಲ್ಲಿ ಲಾಭ ಕಾಣುವುದಿಲ್ಲ.

ಕೈಯೂ ಅದಕ್ಕೆ ಸಿದ್ಧವಾಗಿರುವುದಿಲ್ಲ. ಮಣಿಕಟ್ಟಿನಲ್ಲಿ ಇರಬೇಕಾದ 8 ಪುಟ್ಟ ಎಲುಬುಗಳಲ್ಲಿ ಹಲವು ಆ ವಯಸ್ಸಿನಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುತ್ತವೆ. ಮಣ್ಣು ಮಿದಿಯುವುದು, ಕಾಗದ ಹರಿಯುವುದು, ಹೂ ಪೋಣಿಸುವುದು ಬೆರಳುಗಳಿಗೆ ತಕ್ಕ ಅಭ್ಯಾಸ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ನಮ್ಮ ಬೇಲಿಗಳಲ್ಲಿ ಸಿಗುವ ಕೆಂಪು ಗುಲಗಂಜಿ ಎಷ್ಟೇ ಚೆಂದವಿದ್ದರೂ ಅದರೊಳಗೆ ಪ್ರಾಣಾಪಾಯದ ವಿಷವಿದೆ, ಅದು ಮಕ್ಕಳ ಕೈಗೆ ಹೋಗಬಾರದು.

ನಾನು ಅತಿ ಹೆಚ್ಚು ಬೆಲೆ ಕೊಡುವುದು ಕೆರೆ-ದಡ ಆಟಕ್ಕೆ. ನೆಲದ ಮೇಲೊಂದು ಗೆರೆ, ಈಚೆ ದಡ, ಆಚೆ ಕೆರೆ. ಟೀಚರ್ ‘ಕೆರೆ’ ಎಂದರೆ ಆಚೆ ಹಾರಬೇಕು, ‘ದಡ’ ಎಂದರೆ ಈಚೆ. ‘ಕೆರೆ, ದಡ, ಕೆರೆ, ದಡ’ ಎಂದು ಲಯ ಕೂಡಿಸಿ ತಟಕ್ಕನೆ ‘ದಡ’ ಎಂದು ಇನ್ನೊಮ್ಮೆ ಹೇಳಿದಾಗ, ಹಾರಲು ಸಜ್ಜಾದ ಕಾಲನ್ನು ಮಗು ತಡೆದು ನಿಲ್ಲಿಸಬೇಕು. ನಿಯಮವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಮೊದಲು ಉಕ್ಕಿದ ಆತುರವನ್ನು ತಡೆಯುವುದು, ಸನ್ನಿವೇಶ ಬದಲಾದಾಗ ತಾನೂ ಬದಲಾಗುವುದು ಎಂಬ ಮೂರು ಸಾಮರ್ಥ್ಯಗಳನ್ನು ಮನೋವಿಜ್ಞಾನಿಗಳು ಒಟ್ಟಾಗಿ ಕಾರ್ಯನಿರ್ವಹಣಾ ಸಾಮರ್ಥ್ಯ ಎಂದು ಕರೆಯುತ್ತಾರೆ. ಹಣೆಯ ಹಿಂದಿನ ಮಿದುಳಿನ ಭಾಗ ಇದರಲ್ಲಿ ಪ್ರಮುಖ ಪಾತ್ರ ವಹಿಸುತ್ತದೆ, ಮತ್ತು ಮೂರರಿಂದ ಐದನೆಯ ವಯಸ್ಸಿನ ನಡುವೆ ಈ ಸಾಮರ್ಥ್ಯಗಳು ಬಹಳ ವೇಗವಾಗಿ ಬೆಳೆಯುತ್ತವೆ. ತರಗತಿಯಲ್ಲಿ ಗಮನವಿಟ್ಟು ಕೂರುವುದಕ್ಕೂ, ತಪ್ಪಾದ ಲೆಕ್ಕವನ್ನು ಬಿಟ್ಟೋಡದೆ ಮತ್ತೆ ಮಾಡುವುದಕ್ಕೂ ಬೇಕಾದದ್ದು ಇವೇ. ಒಂಟಿಮನೆಯ ಅಂಗಳದಲ್ಲಿ ಈ ಆಟ ರಂಗೇರುವುದಿಲ್ಲ. ಅದಕ್ಕೆ ಹತ್ತು ಮಕ್ಕಳು ಬೇಕು. ಅಂಗಡಿ ಆಟದಲ್ಲಿ ಗಿರಾಕಿಯಾದ ಮಗು ತನ್ನ ಸರದಿಗೆ ಕಾಯುವಾಗಲೂ ಇದೇ ಅಭ್ಯಾಸ ನಡೆಯುತ್ತಿರುತ್ತದೆ: ಆಟದಲ್ಲಿ ಮಗು ತಾನಾಗಿಯೇ ನಿಯಮಕ್ಕೆ ಒಳಪಡುತ್ತದೆ ಎಂಬುದನ್ನು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಬಹಳ ಹಿಂದೆಯೇ ಗಮನಿಸಿದ್ದರು.

ಇಂಥ ಕಲಿಕೆ ಮುಂದೆ ಉಳಿಯುತ್ತದೆಯೇ? ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಪ್ರಯೋಗದಲ್ಲಿ ಬಡ ಕುಟುಂಬಗಳ 123 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಶಿಶುಶಾಲೆಯ ಅವಕಾಶ ಕೊಟ್ಟು, ಎರಡೂ ಗುಂಪಿನವರನ್ನು 40 ವರ್ಷ ವಯಸ್ಸಾಗುವವರೆಗೆ ಮತ್ತು ಅದರಾಚೆಗೂ ಹಿಂಬಾಲಿಸಲಾಯಿತು. ಶಿಶುಶಾಲೆಗೆ ಹೋದವರ ಬುದ್ಧಿಮತ್ತೆಯ ಅಂಕಗಳು ಆರಂಭದಲ್ಲಿ ಏರಿದರೂ ಕೆಲವೇ ವರ್ಷಗಳಲ್ಲಿ ಆ ಮುನ್ನಡೆ ಕರಗಿಹೋಯಿತು. ಆದರೆ ಪ್ರೌಢಶಾಲೆ ಮುಗಿಸುವುದರಲ್ಲಿ, ಸಂಪಾದನೆಯಲ್ಲಿ ಅವರು ಇತರರಿಗಿಂತ ಮುಂದಿದ್ದರು. ಪಟ್ಟು ಹಿಡಿದು ಕಲಿಯುವ, ಇತರರೊಂದಿಗೆ ಹೊಂದಿಕೊಳ್ಳುವ ಗುಣಗಳೇ ಇದಕ್ಕೆ ಕಾರಣವಿರಬೇಕು ಎಂದು ಈ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದ ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಇದನ್ನು ನೇರವಾಗಿ ನಮ್ಮ ಅಂಗನವಾಡಿಗೆ ಅನ್ವಯಿಸುವಂತಿಲ್ಲ. ಅಲ್ಲಿ ಒಬ್ಬ ಶಿಕ್ಷಕಿಗೆ ಐದಾರು ಮಕ್ಕಳಷ್ಟೇ ಇದ್ದರು. ಇಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಮೇಲೆ ದಾಖಲೆಗಳ ಹೊರೆ. ಮಕ್ಕಳೊಂದಿಗೆ ಮಾತಾಡಲು ಅವರಿಗೆ ಬಿಡುವು ಸಿಗುವಂತೆ ಮಾಡುವುದು ಗೋಡೆಗೆ ಬಣ್ಣ ಬಳಿಯುವುದಕ್ಕಿಂತ ತುರ್ತಿನ ಕೆಲಸ.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ, ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಊಟವನ್ನೂ ಆಟಪಾಠವನ್ನೂ ಒಂದೇ ಸೂರಿನಡಿ ತಂದದ್ದು ದೂರದೃಷ್ಟಿಯ ನಿರ್ಧಾರ. ಜಮೈಕಾದಲ್ಲಿ ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಪೌಷ್ಟಿಕತೆಯಿಂದ ಎತ್ತರ ಕುಂಠಿತವಾಗಿದ್ದ 129 ಮಕ್ಕಳ ಮೇಲೆ ನಡೆಸಿದ, 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೌಷ್ಟಿಕ ಆಹಾರ ಮತ್ತು ಆಟದ ಒಡನಾಟ ಎರಡೂ ದೊರೆತ ಮಕ್ಕಳ ಬೆಳವಣಿಗೆ ಒಂದನ್ನಷ್ಟೇ ಪಡೆದವರಿಗಿಂತ ಚೆನ್ನಾಗಿತ್ತು. ಆಟದ ಒಡನಾಟ ಸಿಕ್ಕ ಮಕ್ಕಳು ಇಪ್ಪತ್ತು ವರ್ಷಗಳ ನಂತರ ಸಿಗದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಅಲ್ಲಿ ವಾರಕ್ಕೊಮ್ಮೆ ಮನೆಗೆ ಹೋಗಿ ತಾಯಂದಿರಿಗೆ ಮಗುವನ್ನು ಆಡಿಸುವ ಬಗೆ ತೋರಿಸಿದವರು ಊರಿನ ಆರೋಗ್ಯ ಸಹಾಯಕಿಯರು, ಬಳಸಿದ್ದು ಕೈಯಲ್ಲೇ ಮಾಡಿದ ಆಟಿಕೆಗಳು. ಜುಲೈ, ಆಗಸ್ಟ್‌ನಲ್ಲಿ ಹಳ್ಳ ಉಕ್ಕಿ, ಸಂಕ ದಾಟಲಾಗದೆ ಮಕ್ಕಳು ಮನೆಯಲ್ಲೇ ಉಳಿಯುವ ಮಲೆನಾಡಿನಲ್ಲಿ ಈ ಮಾದರಿಯನ್ನು ಪ್ರಯತ್ನಿಸಿ ನೋಡಬಹುದು. ಹೋಗಲು ಸಾಧ್ಯವಾದ ದಿನ ಟೀಚರ್ ಆ ದೂರದ ಮನೆಗೆ ಹೋಗಿ, ಅಡಿಕೆ ಹಾಳೆ, ತೆಂಗಿನ ಕರಟ, ಹಳೆಯ ಬಟ್ಟೆಯ ಗೊಂಬೆ ಇಟ್ಟುಕೊಂಡು ಆಡಿಸುವುದನ್ನು ಅಜ್ಜಿಗೂ ತಾಯಿಗೂ ತೋರಿಸಿಕೊಟ್ಟು ಬರಬಹುದು. ಆ ನಡಿಗೆಯ ಸಮಯವನ್ನೂ ಶ್ರಮವನ್ನೂ ಇಲಾಖೆ ಕೆಲಸವೆಂದೇ ಎಣಿಸಿ ಭತ್ಯೆ ಕೊಡಬೇಕು.